ಆರನೆಯ ಗುಂಡಿ

ಕಾರಟಗಿಯ ದವಾಖಾನೆಯಲ್ಲಿ ನನ್ನದು ಕೊನೆಯ ಕೋಣೆ.
ರೈಸ್‌ಮಿಲ್ಲಿನ ತೌಡು ಹಾರಿಬಂದು ಗಾಜಿನ ಮೇಲೆ ಕೂರುತ್ತದೆಂದು
ಕಿಟಕಿಗೆ ಒದ್ದೆ ಪಂಚೆ ಕಟ್ಟಿದ್ದೇನೆ.
ಹತ್ತೊಂಬತ್ತು ವರ್ಷದಿಂದ ಎಣಿಸುತ್ತಿದ್ದೇನೆ,
ಬಿಳಿ ಕಣ, ಸ್ಲೈಡಿಗೆ ನೂರು.
ಐದು ಜಾತಿ, ಎಣಿಸುವ ಡಬ್ಬಿಗೆ ಐದು ಗುಂಡಿ,
ನೂರಾದಾಗ ಟಿಣ್ ಅನ್ನುತ್ತದೆ.

ಮಂಗಳವಾರ ಬಂದದ್ದು
ಹುಳ್ಕಿಹಾಳದ ಗ್ಯಾನಮ್ಮನ ರಕ್ತ. ವಯಸ್ಸು ಇಪ್ಪತ್ಮೂರು,
ಹಡೆದು ಹನ್ನೊಂದು ದಿನ.
ಚೀಟಿಯಲ್ಲಿ: ಜ್ವರ, ನಿಲ್ಲದ ಸ್ರಾವ, ವಸಡಿನಲ್ಲೂ ರಕ್ತ.
ಗಂಡ ಪಂಚೆಯಾಚೆ ನಿಂತು ಹೇಳುತ್ತ ಹೋದ, ನಾನು ಕೇಳದೆಯೇ:

"ದಣಿವು ಅಂತಿದ್ಲು ಸರ್. ಬಸರಿಗೆ ದಣಿವು ಇರ್ತದಲ್ಲ ಅಂದ್ವಿ.
ಮಾರಿ ಬೆಳ್ಳಗಾತು, ಬಸರಿ ಕಳಿ ಅಂದ್ರು.
ಕುಬಸದ ದಿನ ಬಳಿ ಏರಸಾಗ ಕೈ ನೀಲಿಗಟ್ಟಿತು,
ಬಳೆಗಾರ ಖಾಸಿಂಸಾಬಗ ನಮ್ಮವ್ವ ಬೈದ್ಲು, ಪಾಪ.
ಆ ನೀಲಿ ಇನ್ನೂ ಹೋಗಿಲ್ರಿ.
ತೊಡಿಮ್ಯಾಲೂ ಐತಿ.
ಅಲ್ಲಿ ಯಾರು ಬಳಿ ಇಟ್ಟಾರ?"

ಎಣ್ಣೆಯ ಹನಿ ಬಿಟ್ಟು ಮಸೂರ ಇಳಿಸಿದೆ.
ನೇರಳೆ.
ಎಲ್ಲಿ ಸರಿಸಿದರೂ ನೇರಳೆ, ದೊಡ್ಡ ದೊಡ್ಡ ಕಣ,
ಒಡಲ ತುಂಬ ಬೀಜ, ಅಂಚಿಗೆ ಎಳೆಯಷ್ಟು ನೀಲಿ,
ಬಲಿಯುವ ಮೊದಲೇ ಬೀದಿಗಿಳಿದವು.
ಒಂದರೊಳಗೆ ಸೂಜಿಯಂಥ ಕೆಂಪು ಕಡ್ಡಿ.
ಕಲಬುರಗಿಯ ತರಬೇತಿಯಲ್ಲಿ ಒಮ್ಮೆ ತೋರಿಸಿದ್ದರು,
ಮರೆಯಬೇಡಿ ಅಂದಿದ್ದರು.
ಬೆರಳು ಡಬ್ಬಿಯವರೆಗೆ ಹೋಗಿ ನಿಂತಿತು.
ಇವಕ್ಕೆ ಗುಂಡಿ ಇಲ್ಲ.
ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಗೀಟು ಹಾಕತೊಡಗಿದೆ,
ಹಾಲಿನವಳು ಗೋಡೆಗೆ ಹಾಕುವ ಹಾಗೆ.
ನೂರರಲ್ಲಿ ಅರವತ್ತೆಂಟು.

ಅಲ್ಲಿಗೇ ಬಿಡಬಹುದಿತ್ತು.
ಆದರೆ ಆ ಹೆಸರು ಎಲ್ಲೋ ಬರೆದ ನೆನಪು.
ರಜಿಸ್ಟರ್ ತಿರುವಿದೆ. ಶ್ರಾವಣ, ಏಳನೆಯ ತಿಂಗಳು, ಚಳಿಜ್ವರ,
ಹಿಮೋಗ್ಲೋಬಿನ್ ಏಳು. ಮಲೇರಿಯಾ ಇಲ್ಲ.
ನನ್ನದೇ ಅಕ್ಷರ.
ಮರುತಪಾಸಣೆಯ ಮರದ ಪೆಟ್ಟಿಗೆಯಲ್ಲಿ ಆ ಸ್ಲೈಡು ಇನ್ನೂ ಇತ್ತು,
ಅಂಗಿಯ ತುದಿಯಿಂದ ಧೂಳೊರೆಸಿ ಇಟ್ಟು ನೋಡಿದೆ.

ಇದ್ದವು.
ಹೆಚ್ಚಲ್ಲ, ಅಲ್ಲೊಂದು ಇಲ್ಲೊಂದು,
ಮದುವೆ ಮನೆಯಲ್ಲಿ ಯಾರ ಕಡೆಯವರೆಂದು ಯಾರೂ ಕೇಳದವರ ಹಾಗೆ.
ಅಂದು ನಾನು ಹುಡುಕಿದ್ದು ಕೆಂಪು ಕಣದೊಳಗಿನ ಉಂಗುರ.
ಉಂಗುರ ಇರಲಿಲ್ಲ, ಇಲ್ಲ ಎಂದು ಬರೆದೆ.
ಸುಳ್ಳು ಬರೆದಿರಲಿಲ್ಲ.

ಆಮೇಲೆ ಅವಳಿಗೆ ಕಬ್ಬಿಣದ ಮಾತ್ರೆ, ನುಗ್ಗೆಸೊಪ್ಪು, ಶೇಂಗಾ ಬೆಲ್ಲ.
ಆಶಾ ಕಾರ್ಯಕರ್ತೆ ಮೂರು ಸಲ ಮನೆಗೆ ಹೋಗಿ ಗದರಿದ್ದಳಂತೆ,
ಮಾತ್ರೆ ನುಂಗದೆ ಚೆಲ್ಲುತ್ತೀಯ ನೀನು ಎಂದು.
ನುಂಗಿದ್ದಳು.

ವರದಿ ಬರೆದೆ. ಎಳೆಯ ಕಣ ಅರವತ್ತೆಂಟು, ತಡಮಾಡದೆ ಬಳ್ಳಾರಿಗೆ.
ಅದರ ಕೆಳಗೆ ಇನ್ನೊಂದು ಸಾಲು:
ಏಳನೆಯ ತಿಂಗಳ ಸ್ಲೈಡಿನಲ್ಲೂ ಇವೆ, ಆಗ ನೋಡಲಿಲ್ಲ.
ಸಹಿ ಮಾಡುವಾಗ ಪೆನ್ನು ಬರೆಯಲಿಲ್ಲ, ಝಾಡಿಸಿ ಮಾಡಿದೆ.

ಡಾಕ್ಟರ್ ಮೇಡಂ ಎರಡನೆಯ ಸಾಲನ್ನು ಎರಡು ಸಲ ಓದಿದರು,
ಅದರ ಬಗ್ಗೆ ಏನೂ ಅನ್ನಲಿಲ್ಲ.
"ಇದಕ್ಕೆ ಔಷಧಿ ಇದೆ. ಇವತ್ತೇ ಹೊರಡಬೇಕು.
ಕೂಸಿಗೆ ಮೇಲುಹಾಲು ಹಾಕಲಿ" ಅಂದರು.

ಗಂಡ ಕೇಳಿದ, "ರಗತ ಕಡಿಮಿ ಆಗೇತೇನ್ರಿ?"
"ಅದೂ ಆಗಿದೆ ತಮ್ಮಾ. ಆದರೆ ಅದರಾಗ ಒಂದು ಹೆಚ್ಚಾಗಿದೆ."
"ಹೆಚ್ಚಾಗೇತಂದ್ರ ಚಲೋನ ಅಲ್ರಿ?"
ಒಂದು ಗಳಿಗೆ ಅವನ ಮುಖ ಬೆಳಗಿತು.
ಆ ಬೆಳಕಿಗೆ ಏನು ಹೇಳಬೇಕೋ ತಿಳಿಯದೆ
ಹತ್ತಿ ಹುಡುಕುವ ನೆವದಲ್ಲಿ ಒಳಗೆ ಹೋದೆ.

ಎರಡೂ ಸ್ಲೈಡನ್ನು ಹತ್ತಿಯಲ್ಲಿ ಸುತ್ತಿದೆ, ಒಂದಕ್ಕೊಂದು ತಾಗದಂತೆ,
ಮಾತ್ರೆಯ ಖಾಲಿ ಡಬ್ಬಿಯಲ್ಲಿಟ್ಟು ಅವನ ಕೈಗೆ ಕೊಟ್ಟೆ.
ಆಂಬುಲೆನ್ಸ್ ಆಗಲೇ ಗೇಟಿನಲ್ಲಿತ್ತು.
"ಹುಷಾರು, ಗಾಜು" ಅಂದೆ.
"ಬಳಿ ಹಿಡಕೊಂಡಂಗ ಹಿಡಕೋತೀನ್ರಿ" ಅಂದ.